ಉಬ್ಬರ ಎಷ್ಟು ಗಂಟೆಗೆ?

ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿದೆ ಎಂಬ ಸುದ್ದಿ ಬಂತೆಂದರೆ ವಿದೇಶದಲ್ಲಿರುವ ನಮ್ಮ ಉತ್ತರ ಕನ್ನಡದವರ ಸಂಘದ ಸದಸ್ಯರ ಮೊಬೈಲುಗಳಲ್ಲಿ ಒಂದೇ ನಕ್ಷೆ ಓಡಾಡತೊಡಗುತ್ತದೆ. ನೀಲಿ ಕಡಲು, ಕೆಂಪು ಚುಕ್ಕೆ, ಅದರ ಮುಂದೆ ಬೀಸಣಿಗೆಯಂತೆ ಬಿಚ್ಚಿಕೊಂಡ ಪಟ್ಟಿ. ಬೀಸಣಿಗೆ ಒಮಾನಿನ ಕಡೆ ತಿರುಗಿದ್ದರೆ ಅಲ್ಲಿರುವ ನಮ್ಮವರಿಗೆ ಚಿಂತೆ, ಊರಿನ ಬಗ್ಗೆ ಸಮಾಧಾನ. ಆ ಸಮಾಧಾನ ಅರ್ಧ ಮಾತ್ರ ಸರಿ. ಬೀಸಣಿಗೆ ತೋರಿಸುವುದು ಚಂಡಮಾರುತದ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಎಂಬುದನ್ನಷ್ಟೇ. ಗಾಳಿ, ಮಳೆ, ತೆರೆ ಅದರ ಗೆರೆಯೊಳಗೆ ನಿಲ್ಲುವುದಿಲ್ಲ.

ಉತ್ತರ ಕನ್ನಡದ ದಂಡೆಗೆ ತೂಫಾನು ನೇರವಾಗಿ ಬಂದು ಅಪ್ಪಳಿಸುವುದು ಅಪರೂಪ. ಪಕ್ಕದಿಂದ ಹಾದುಹೋಗುವುದೇ ಹೆಚ್ಚು. 2021ರ ಮೇ ತಿಂಗಳ ತೌಕ್ತೆ ಹೀಗೇ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿನಲ್ಲಿ ದಡ ಸೇರಿತು. 2019ರ ಅಕ್ಟೋಬರಿನ ಕ್ಯಾರ್ ಒಮಾನಿನತ್ತ ಹೊರಟು ಕಡಲಲ್ಲೇ ಕರಗಿತು. ಕ್ಯಾರ್ ಬಲಿತದ್ದು ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ಎಂಬುದು ಮುಖ್ಯ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಾರವಾರದಲ್ಲಿ ಉಬ್ಬರ ಇಳಿತದ ಅಂತರ ಸುಮಾರು 2 ಮೀಟರಿಗೆ ಏರುತ್ತದೆ. ದೂರದ ತೂಫಾನು ಎಬ್ಬಿಸಿದ ಉದ್ದನೆಯ ತೆರೆಗಳು ಅದರ ಮೇಲೇರಿ ಬಂದರೆ ಆಕಾಶ ತಿಳಿಯಾಗಿದ್ದರೂ ನೀರು ದಂಡೆ ದಾಟಿ ಗಾಳಿಮರಗಳ ಬುಡಕ್ಕೆ ಬರುತ್ತದೆ. ಆದ್ದರಿಂದ ಮನೆಗೆ ಫೋನು ಮಾಡಿದಾಗ ಮೊದಲು ಕೇಳಬೇಕಾದ್ದು "ಗಾಳಿ ಜೋರಾ?" ಎಂದಲ್ಲ, "ಉಬ್ಬರ ಎಷ್ಟು ಗಂಟೆಗೆ?" ಎಂದು. ದಿನಕ್ಕೆ ಎರಡು ಉಬ್ಬರ, ಮರುದಿನ ಸುಮಾರು 50 ನಿಮಿಷ ತಡ. ಅದರ ಆಚೀಚಿನ ಎರಡೆರಡು ತಾಸು ದಂಡೆಯ ಮನೆಯವರು ಎಚ್ಚರವಾಗಿರಬೇಕು.

ಗಾಳಿಯ ದಿಕ್ಕೂ ಒಂದು ಸೂಚನೆ. ನಮ್ಮ ಗೋಲಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದು ನೈರುತ್ಯದಲ್ಲಿರುವಾಗ ಕಾರವಾರಕ್ಕೆ ಗಾಳಿ ಆಗ್ನೇಯದಿಂದ, ಅಂದರೆ ನೆಲದ ಕಡೆಯಿಂದ ಬರುತ್ತದೆ. ನೇರ ಪಶ್ಚಿಮಕ್ಕೆ ಬಂದಾಗ ತೆಂಕಣ ಗಾಳಿ. ಉತ್ತರಕ್ಕೆ ದಾಟಿದ ಮೇಲೆ ಗಾಳಿ ನೈರುತ್ಯಕ್ಕೆ ತಿರುಗಿ ಕಡಲನ್ನು ನೇರ ದಡಕ್ಕೆ ನೂಕುತ್ತದೆ. ಟಿವಿಯಲ್ಲಿ "ಚಂಡಮಾರುತ ಗೋವಾ ದಾಟಿತು" ಎಂದು ಓದುತ್ತಿರುವ ಹೊತ್ತಿಗೇ ಹೊನ್ನಾವರದಲ್ಲಿ ಕಡಲ್ಕೊರೆತ ಜೋರಾಗುವುದು ಇದರಿಂದ. ದೋಣಿಯ ಹಗ್ಗ ಬಿಚ್ಚಲು ಅವಸರ ಬೇಡ.

ಇನ್ನು ಅಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಘಟ್ಟದ ಮಳೆಯನ್ನು ಹೊತ್ತು ತರುತ್ತವೆ. ಕಡಲು ಉಬ್ಬಿ ನಿಂತರೆ ಆ ನೀರಿಗೆ ದಾರಿಯಿಲ್ಲ. ಮಾವಿನಕುರ್ವೆಯಂಥ ನದೀದ್ವೀಪಗಳಲ್ಲಿ ನೀರು ಏರುವುದು ಹೀಗೆ, ಮಳೆ ಅಲ್ಲೇ ಬೀಳಬೇಕೆಂದಿಲ್ಲ. ಮೇ ತಿಂಗಳಲ್ಲಿ ಕದ್ರಾ, ಲಿಂಗನಮಕ್ಕಿ ಜಲಾಶಯಗಳು ಬೇಸಿಗೆಗೆ ತಗ್ಗಿರುತ್ತವೆ. ಬಂದ ನೀರನ್ನು ಹಿಡಿದಿಟ್ಟುಕೊಳ್ಳಲು ಜಾಗವಿರುತ್ತದೆ. ಅಕ್ಟೋಬರಿನಲ್ಲಿ ಮಳೆಗಾಲ ಮುಗಿದು ತುಂಬಿರುವುದರಿಂದ ಅದೇ ಮಳೆಗೆ ಗೇಟು ತೆರೆಯಬೇಕಾಗಬಹುದು. ನಮಗೆ ಅಕ್ಟೋಬರಿನ ತೂಫಾನೇ ಹೆಚ್ಚು ಭಯದ್ದು. ಕುಮಟೆಯ ಗಜನಿಗಳಲ್ಲಿ, ಅಂದರೆ ಅಳಿವೆ ಬದಿಯ ಉಪ್ಪುನೀರಿನ ಗದ್ದೆಗಳಲ್ಲಿ, ಕಗ್ಗ ಭತ್ತ ಉಪ್ಪುನೀರನ್ನೇನೋ ತಾಳಿಕೊಳ್ಳುತ್ತದೆ, ಆದರೆ ಕೊಯ್ಲಿಗೆ ಬಂದ ತೆನೆ ಗಾಳಿಗೆ ಮಲಗಿದರೆ ಕೈಗೆ ಸಿಗುವುದಿಲ್ಲ. ಮೇ ತಿಂಗಳಲ್ಲಿ ನಷ್ಟವಾಗುವುದು ಸಾಣಿಕಟ್ಟಾದ ಉಪ್ಪಿನಾಗರಕ್ಕೆ, ದಂಡೆಯಲ್ಲಿ ಹರಡಿದ ಒಣಮೀನಿಗೆ.

ಸಿರ್ಸಿ, ಸಿದ್ದಾಪುರದವರು "ನಾವು ಘಟ್ಟದ ಮೇಲಿನವರು" ಎಂದು ಕೈತೊಳೆದುಕೊಳ್ಳುವಂತಿಲ್ಲ. ತೇವದ ಗಾಳಿ ಘಟ್ಟ ಹತ್ತುವಾಗಲೇ ಸುರಿಯುತ್ತದೆ. 24 ತಾಸಿನಲ್ಲಿ 204.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಎನ್ನುತ್ತದೆ. 100 ಚದರ ಮೀಟರಿನ ಹಂಚಿನ ಮಾಡಿಗೆ 200 ಮಿ.ಮೀ. ಎಂದರೆ 20,000 ಲೀಟರ್ ನೀರು. ಅಂಗಳದ ಕಾಲುವೆಯಲ್ಲಿ ಸೋಗೆ, ದರಕು ತುಂಬಿದ್ದರೆ ಅದು ಗೋಡೆಯ ಬುಡಕ್ಕೇ ಇಳಿಯುತ್ತದೆ. ದೇವಿಮನೆ, ಅರಬೈಲು ಘಟ್ಟಗಳ ಪ್ರಯಾಣ ಒಂದೆರಡು ದಿನ ಮುಂದೆ ಹಾಕುವುದು ಲೇಸು. ಗುಡ್ಡದಿಂದ ಬರುವ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಹರಿಯುತ್ತಿದ್ದ ಹಳ್ಳ ನಿಂತುಬಿಟ್ಟರೆ, ಕಾರಣ ಹುಡುಕುತ್ತ ನಿಲ್ಲದೆ ಅಲ್ಲಿಂದ ಹೊರಡಬೇಕು.

ವಿದೇಶದಲ್ಲಿರುವವರಿಗೆ ಅಂಕಿಗಳ ಗೊಂದಲ ಬೇರೆ. ಅಮೆರಿಕದ ನೌಕಾಪಡೆಯ ಜಾಲತಾಣ ಹೇಳುವ ಗಾಳಿಯ ವೇಗ ಒಂದು ನಿಮಿಷದ ಸರಾಸರಿ, ನಮ್ಮ ಇಲಾಖೆಯದು ಮೂರು ನಿಮಿಷದ್ದು. ಒಂದೇ ತೂಫಾನು ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಎರಡನ್ನೂ ಕಲಸಿ ಊರಿಗೆ ಕಳಿಸಬೇಡಿ. ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲಷ್ಟೇ ಚಂಡಮಾರುತಕ್ಕೆ ಹೆಸರು ಬರುವುದು. ಹೆಸರಿಲ್ಲದ ವಾಯುಭಾರ ಕುಸಿತವೂ ಮಳೆಯಲ್ಲಿ ಜಿಪುಣತನ ಮಾಡುವುದಿಲ್ಲ.

ಮೀನುಗಾರರಿಗೆ ಹೇಳಿಕೊಡುವ ಅಗತ್ಯವಿಲ್ಲ. ಕಾರವಾರದ ಬೈತಖೋಲ ಬಂದರು ಹೊರರಾಜ್ಯದ ದೋಣಿಗಳಿಗೂ ಆಸರೆ. ಅಪಾಯವಿರುವುದು ತಡವಾಗಿ ಹಿಂತಿರುಗುವಾಗ, ಅಳಿವೆಯ ಮರಳುದಿಬ್ಬದ ಮೇಲೆ. ಇಳಿತದ ನೀರು ಹೊರಗೆ ನುಗ್ಗುತ್ತಿರುವಾಗ ಎದುರಿನಿಂದ ತೆರೆ ಬಂದರೆ ಅದು ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಒಳಗೆ ಬರುವುದಾದರೆ ಉಬ್ಬರದಲ್ಲಿ. ಬಂದರಿನಲ್ಲಿ ಕಟ್ಟಿದ ದೋಣಿಗಳ ನಡುವೆ ಹಳೆ ಟಯರು ಇರಲಿ, ನೀರು ಏರಿದಾಗ ಹಗ್ಗ ಬಿಗಿಯದಷ್ಟು ಸಡಿಲವೂ ಇರಲಿ.

ತೂಫಾನು ಹೋದ ಮೇಲೆ ಹೆಚ್ಚು ದಿನ ಕಾಡುವುದು ಬಾವಿ. ಉಪ್ಪುನೀರು ನುಗ್ಗಿದ ಬಾವಿಯನ್ನು ದೊಡ್ಡ ಪಂಪು ಹಚ್ಚಿ ಒಂದೇ ಸಲಕ್ಕೆ ಬರಿದು ಮಾಡಿದರೆ ಸುತ್ತಲಿನ ಮರಳಿನಿಂದ ಇನ್ನಷ್ಟು ಉಪ್ಪು ಎಳೆದು ಬರುತ್ತದೆ. ಸ್ವಲ್ಪ ಸ್ವಲ್ಪವೇ ತೆಗೆದು ಮಳೆಗೆ ಕಾಯಬೇಕು. ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುತ್ತದೆ, ಉಪ್ಪು ತೆಗೆಯುವುದಿಲ್ಲ. ಅಳತೆ ಸಾಮಾನ್ಯವಾಗಿ 1,000 ಲೀಟರಿಗೆ 2.5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 24 ಗ್ರಾಂ. ಬಕೆಟಿನಲ್ಲಿ ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಕೊಡದಲ್ಲಿ ಇಳಿಬಿಟ್ಟು ಬಾವಿಯ ನೀರಿನಲ್ಲಿ ಮೇಲೆ ಕೆಳಗೆ ಆಡಿಸಿ, ಒಂದು ತಾಸು ಬಿಟ್ಟು ಸೇದಿ.

ಕರೆಂಟು ಹೋದ ಮೇಲೆ ಮೊಬೈಲ್ ಗೋಪುರಗಳ ಬ್ಯಾಟರಿ ಕೆಲವೇ ತಾಸು ಬರುತ್ತದೆ. ಆಯಿಗೆ ವಿಡಿಯೋ ಕಾಲ್ ಮಾಡಿ ಕಡಲು ತೋರಿಸು ಎನ್ನುವ ಬದಲು, ಬೆಳಿಗ್ಗೆ ಸಂಜೆ ಒಂದೊಂದು ಸಂದೇಶಕ್ಕೆ ಗಂಟೆ ಗೊತ್ತುಮಾಡಿಕೊಳ್ಳಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ಕರಾವಳಿ ಕಾವಲು ಪಡೆ 1554. ಇಂಥ ಕಿರುಸಂಖ್ಯೆಗಳು ವಿದೇಶದಿಂದ ತಾಗುವುದಿಲ್ಲ. ಪಕ್ಕದ ಮನೆಯವರ ನಂಬರು, ತಾಲೂಕು ಕಚೇರಿಯ ಸ್ಥಿರ ದೂರವಾಣಿಯ ಪೂರ್ತಿ ಸಂಖ್ಯೆ (ಕಾರವಾರದ್ದಾದರೆ ಮುಂದೆ 91 8382) ಕಾಗದದ ಮೇಲೆ ಈಗಲೇ ಬರೆದಿಟ್ಟುಕೊಳ್ಳಿ.