ಮೂಗು ಮುಟ್ಟಿಕೊಂಡವರೆಲ್ಲ ಸುಳ್ಳರಲ್ಲ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪುರವಣಿಗಳಲ್ಲಿ ‘ದೇಹಭಾಷೆ ಓದುವುದು ಹೇಗೆ’ ಎಂಬ ಬರಹಗಳು ಆಗಾಗ ಬರುತ್ತಿರುತ್ತವೆ. ಕೈಕಟ್ಟಿ ಕೂತರೆ ಒಪ್ಪಿಗೆಯಿಲ್ಲ, ಮೂಗು ಮುಟ್ಟಿಕೊಂಡರೆ ಸುಳ್ಳು, ಕಣ್ಣು ತಪ್ಪಿಸಿದರೆ ಅಳುಕು, ಹೀಗೆ ಒಂದೊಂದು ಚಿಹ್ನೆಗೆ ಒಂದೊಂದು ಅರ್ಥ. ಓದಲು ಮಜವಾಗಿರುತ್ತದೆ. ಆದರೆ ಇದನ್ನೇ ನೆಚ್ಚಿಕೊಂಡು ಸಂದರ್ಶನದಲ್ಲಿ ಅಂಕ ಹಾಕುವವರಿದ್ದಾರೆ, ಮಕ್ಕಳನ್ನು ಗದರಿಸುವವರಿದ್ದಾರೆ. ವರ್ತನೆಯ ಅವಲೋಕನವನ್ನು ಕಲಿಸುವವರಾಗಿ ನಮ್ಮದೊಂದು ಮಾತು: ಇಂಥ ಹೇಳಿಕೆಗಳನ್ನು ಕಣ್ಣುಮುಚ್ಚಿ ನಂಬುವುದೂ ಬೇಡ, ನಕ್ಕು ತಳ್ಳಿಹಾಕುವುದೂ ಬೇಡ. ಪರೀಕ್ಷೆ ಮಾಡಿ ನೋಡಬಹುದು. ಅದಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ. ಗಡಿಯಾರ, ಗೆರೆ ಎಳೆದ ಹಾಳೆ, ಜೊತೆಗೆ ಒಬ್ಬಿಬ್ಬರು ಇದ್ದರೆ ಆಯಿತು.

ಮೂಗಿನ ವಿಷಯವನ್ನೇ ತೆಗೆದುಕೊಳ್ಳಿ. ಹಾಳೆಯ ಮೇಲೆ ಒಂದು ಚೌಕ ಬರೆದು ನಾಲ್ಕು ಮನೆ ಮಾಡಿ: ಸುಳ್ಳು ಹೇಳುವಾಗ ಮುಟ್ಟಿದ್ದು, ಸುಳ್ಳು ಹೇಳುವಾಗ ಮುಟ್ಟದ್ದು, ನಿಜ ಹೇಳುವಾಗ ಮುಟ್ಟಿದ್ದು, ನಿಜ ಹೇಳುವಾಗ ಮುಟ್ಟದ್ದು. 20 ಸುಳ್ಳುಗಳಲ್ಲಿ 8 ಸಲ ಮೂಗಿಗೆ ಕೈ ಹೋಯಿತು ಎಂದಿಟ್ಟುಕೊಳ್ಳೋಣ. ನೋಡಿದವರು ‘ಸಿಕ್ಕಿಬಿದ್ದ’ ಎನ್ನುತ್ತಾರೆ. 20 ನಿಜಗಳಲ್ಲೂ 8 ಸಲ ಕೈ ಹೋಗಿದ್ದರೆ ಆ ಚಿಹ್ನೆಗೆ ಕವಡೆ ಕಿಮ್ಮತ್ತಿಲ್ಲ. ಪುರವಣಿಯ ಬರಹಗಳು ತುಂಬುವುದು ಮೊದಲ ಮನೆಯೊಂದನ್ನೇ. ಉಳಿದ ಮೂರು ಖಾಲಿ. ಮನಶ್ಶಾಸ್ತ್ರಜ್ಞರಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಸುಳ್ಳು ಗುರುತಿಸುವ ಬಗೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ, 24 ಸಾವಿರಕ್ಕೂ ಹೆಚ್ಚು ಜನರ ತೀರ್ಪುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಸುಳ್ಳು ಯಾವುದು, ನಿಜ ಯಾವುದು ಎಂದು ಹೇಳುವುದರಲ್ಲಿ ಜನ ಸರಿಯಾಗಿದ್ದದ್ದು ನೂರಕ್ಕೆ ಸುಮಾರು 54 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ.

‘ಸಂವಹನದಲ್ಲಿ ಮಾತಿನ ಪಾಲು ಶೇ 7 ಮಾತ್ರ, ಉಳಿದದ್ದು ದನಿ ಮತ್ತು ಮುಖಭಾವದ್ದು’ ಎಂಬುದೂ ಇದೇ ಜಾತಿಯದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಬಿಡಿ ಪದಗಳು, ದನಿಯ ಏರಿಳಿತ, ಮುಖಭಾವದ ಫೋಟೊಗಳನ್ನು ಇಟ್ಟುಕೊಂಡು ನಡೆಸಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಇಷ್ಟ ಅಥವಾ ಅಸಮಾಧಾನದಂಥ ಭಾವನೆ ಕುರಿತ ಮಾತಿಗಷ್ಟೇ ಅನ್ವಯ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ನಂಬದವರು ತಮಗೆ ಬಾರದ ಭಾಷೆಯ ಟಿ.ವಿ. ವಾರ್ತೆಯನ್ನು ನೋಡಲಿ; ಶೇ 93ರಷ್ಟು ಅರ್ಥವಾಗುತ್ತದೆಯೇ ತಿಳಿಯುತ್ತದೆ.

ಅವಲೋಕನಕ್ಕೆ ಕೂರುವವರು ಮೊದಲು ಎಡವುವುದು ಏನನ್ನು ಎಣಿಸಬೇಕು ಎಂಬಲ್ಲಿ. ‘ಆತ್ಮವಿಶ್ವಾಸದಿಂದ ಕೂತಿದ್ದರು’ ಎಂಬುದನ್ನು ಎಣಿಸಲು ಬರುವುದಿಲ್ಲ, ಅದು ಆಗಲೇ ಕೊಟ್ಟ ತೀರ್ಪು. ‘ಬೆನ್ನು ಕುರ್ಚಿಗೆ ತಾಗಿತ್ತು’ ಎಂಬುದನ್ನು ಎಣಿಸಬಹುದು. ಮುಖ ಮುಟ್ಟಿಕೊಳ್ಳುವುದನ್ನು ಎಣಿಸುವುದಾದರೆ ಕನ್ನಡಕ ಸರಿಪಡಿಸಿದ್ದು ಸೇರುತ್ತದೆಯೇ, ಬೆವರು ಒರೆಸಿದ್ದು ಸೇರುತ್ತದೆಯೇ, ಗಲ್ಲಕ್ಕೆ ಕೈಕೊಟ್ಟು ಕೂತೇ ಇದ್ದರೆ ಅದು ಒಂದು ಸಲವೋ ಹತ್ತು ಸಲವೋ, ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಕೈ ಇಳಿದು 2 ಸೆಕೆಂಡಿನೊಳಗೆ ಮತ್ತೆ ಮುಖಕ್ಕೆ ಹೋದರೆ ಒಂದೇ ಸಲ ಎಂದು ಲೆಕ್ಕ ಹಾಕುವುದು ಅನುಕೂಲ. ನಿಯಮವನ್ನು ನಡುವೆ ಬದಲಿಸಿದರೆ ಹಿಂದಿನ ಎಣಿಕೆಯೆಲ್ಲ ವ್ಯರ್ಥ.

ಆಮೇಲೆ 10 ನಿಮಿಷವನ್ನು 15 ಸೆಕೆಂಡಿನ 40 ತುಣುಕುಗಳಾಗಿ ಮಾಡಿ, ಪ್ರತಿ ತುಣುಕಿಗೆ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಗೀಟು ಹಾಕಿ. ಇಬ್ಬರು ಒಬ್ಬರ ಹಾಳೆಯನ್ನೊಬ್ಬರು ನೋಡದೆ ಹಾಕಬೇಕು. ಇಲ್ಲೊಂದು ಮೋಸವಿದೆ. 30 ತುಣುಕುಗಳಲ್ಲಿ ಇಬ್ಬರೂ ‘ಆಗಲಿಲ್ಲ’ ಎಂದರು, 4ರಲ್ಲಿ ಇಬ್ಬರೂ ‘ಆಯಿತು’ ಎಂದರು, 6ರಲ್ಲಿ ಒಬ್ಬರದ್ದೊಂದು ಎನ್ನಿ. 40ಕ್ಕೆ 34 ಹೊಂದಿಕೆ, ಅಂದರೆ ಶೇ 85. ಚೆನ್ನಾಗಿದೆ ಅನಿಸುತ್ತದೆ. ಆದರೆ ಇಬ್ಬರಲ್ಲಿ ಒಬ್ಬರಾದರೂ ‘ಆಯಿತು’ ಎಂದ 10 ತುಣುಕುಗಳನ್ನಷ್ಟೇ ನೋಡಿದರೆ ಒಮ್ಮತವಿರುವುದು 4ರಲ್ಲಿ. ಹೆಚ್ಚು ಹೊತ್ತು ಏನೂ ನಡೆಯದಿದ್ದಾಗ ಹೊಂದಿಕೆ ಪುಕ್ಕಟೆಯಾಗಿ ಸಿಗುತ್ತದೆ. ಹಾಗಾದಾಗ ಎಣಿಕೆ ಮುಂದುವರಿಸದೆ ನಿಯಮಕ್ಕೆ ಮರಳಿ. ಹತ್ತಕ್ಕೆ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತದೆ.

ಎಣಿಸುವುದು ಬಂದ ಮೇಲೆ ಪರೀಕ್ಷೆ. ನಮ್ಮ ದೃಷ್ಟಿಯಲ್ಲಿ ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು ತಲೆದೂಗುವಿಕೆ. ಮನಶ್ಶಾಸ್ತ್ರಜ್ಞ ಜೋಸೆಫ್ ಮ್ಯಾಟರಾಜೊ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 45 ನಿಮಿಷದ ಸಂದರ್ಶನವನ್ನು 15 ನಿಮಿಷಗಳ ಮೂರು ಭಾಗ ಮಾಡಿ, ನಡುವಿನ ಭಾಗದಲ್ಲಿ ಮಾತ್ರ ಸಂದರ್ಶಕ ತಲೆದೂಗುತ್ತಿದ್ದ. ಆ ಭಾಗದಲ್ಲಿ ಎದುರಿನವರ ಉತ್ತರಗಳು ಉದ್ದವಾದವು. ಮನೆಯಲ್ಲಿ ಮಾಡುವುದಾದರೆ 12 ನಿಮಿಷ ಸಾಕು, ನಾಲ್ಕು ನಾಲ್ಕು ನಿಮಿಷದ ಮೂರು ಭಾಗ. ಎದುರಿನವರಿಗೆ ಹೇಳಲು ಸಾಕಷ್ಟಿರುವ ವಿಷಯ ಆರಿಸಿಕೊಳ್ಳಿ, ಅವರ ಕೆಲಸವೋ ಪ್ರವಾಸವೋ. ನಿಮ್ಮ ಪ್ರಶ್ನೆ 5 ಸೆಕೆಂಡು ಮೀರಬಾರದು. ಭಾಗ ಬದಲಾಗುವುದು ತಿಳಿಯಲು ಮೊಬೈಲನ್ನು ಕಂಪನಕ್ಕೆ ಇಟ್ಟು ಜೇಬಿನಲ್ಲಿಟ್ಟುಕೊಳ್ಳಿ. ಇನ್ನೊಂದು ಮೊಬೈಲಿನಲ್ಲಿ ದನಿ ಮಾತ್ರ ರೆಕಾರ್ಡ್ ಆಗಲಿ.

ಕೆಡುವುದು ಎಲ್ಲಿ ಗೊತ್ತೇ? ತಲೆ ಅಲುಗಿಸಬಾರದು ಎಂದುಕೊಂಡವರ ಮುಖವೂ ಕಲ್ಲಾಗುತ್ತದೆ, ಹೂಂಗುಡುವುದೂ ನಿಲ್ಲುತ್ತದೆ. ಒಂದರ ಬದಲು ಮೂರು ಬದಲಾವಣೆ ಆಗಿಬಿಟ್ಟಿತು. ಆದ್ದರಿಂದ ಮೂರೂ ಭಾಗಗಳಲ್ಲಿ ಹೂಂಗುಡಬೇಡಿ, ಕಣ್ಣು ಅವರ ಮೇಲೇ ಇರಲಿ, ತಲೆಯೊಂದೇ ಬದಲಾಗಲಿ. ಕನ್ನಡಿಯ ಮುಂದೆ ಎರಡು ದಿನ ಅಭ್ಯಾಸ ಮಾಡದೆ ಇದು ಬರುವುದಿಲ್ಲ. ಇನ್ನೊಂದು ತೊಡಕು, ಮಾತು ನಡುವಿಗೆ ಬರುವಷ್ಟರಲ್ಲಿ ತಾನಾಗಿಯೇ ಕಾವೇರುತ್ತದೆ. ಅದಕ್ಕೆ ಅರ್ಧದಷ್ಟು ಜನರೊಂದಿಗೆ ಕ್ರಮ ತಿರುಗಿಸಿ: ಮೊದಲ ಮತ್ತು ಕೊನೆಯ ಭಾಗದಲ್ಲಿ ತಲೆದೂಗಿ, ನಡುವೆ ಬೇಡ. ನಡುವೆ ಯಾರಾದರೂ ಮಾತು ನಿಲ್ಲಿಸಿ ‘ಕೇಳಿಸ್ಕೊಳ್ತಿದ್ದೀರಾ?’ ಎಂದರೆ ಪ್ರಯೋಗ ಹಾಳಾಯಿತೆಂದು ಬಿಸಾಡಬೇಡಿ. ಯಾವ ನಿಮಿಷದಲ್ಲಿ ಕೇಳಿದರು ಎಂದು ಬರೆದಿಡಿ, ಅದೂ ಫಲಿತಾಂಶವೇ.

ಉತ್ತರಗಳ ಉದ್ದವನ್ನು ನೀವು ಅಳೆಯಬಾರದು. ಮೂರು ಭಾಗಗಳನ್ನು ಕತ್ತರಿಸಿ, ಕ್ರಮ ಕಲಸಿ, ಮೂರನೆಯವರ ಕೈಗೆ ಕೊಡಿ. ದನಿಯಲ್ಲಿ ತಲೆ ಕಾಣುವುದಿಲ್ಲವಾದ್ದರಿಂದ ಯಾವುದು ಯಾವ ಭಾಗ ಎಂಬುದು ಅವರಿಗೆ ತಿಳಿಯದು. ಎಂಟು ಜನರೊಂದಿಗೆ ಮಾಡಿ, ತಲೆದೂಗಿದಾಗಿನ ಸರಾಸರಿ ಉತ್ತರ ಎಷ್ಟು ಜನರಲ್ಲಿ ಉದ್ದವಾಯಿತು ನೋಡಿ. ತಲೆದೂಗುವುದರಿಂದ ಏನೂ ಆಗದಿದ್ದರೂ ಎಂಟರಲ್ಲಿ ಆರು ಅಥವಾ ಹೆಚ್ಚು ಮಂದಿಯಲ್ಲಿ ಹಾಗೆ ಕಾಣುವ ಸಾಧ್ಯತೆ 256ಕ್ಕೆ 37, ಅಂದರೆ ಸುಮಾರು ಏಳಕ್ಕೆ ಒಂದು. ಏಳು ಅಥವಾ ಹೆಚ್ಚಾದರೆ 256ಕ್ಕೆ 9. ಮೂರೇ ಜನರೊಂದಿಗೆ ಮಾಡಿ ‘ಸಾಬೀತಾಯಿತು’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಮೂರನೆಯವರು ಯಾಕೆ ಬೇಕು ಎಂಬುದಕ್ಕೆ ಬರ್ಲಿನ್‌ನ ಹಾನ್ಸ್ ಎಂಬ ಕುದುರೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಲೆಕ್ಕ ಕೇಳಿದರೆ ಅದು ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಪ್ರಕಟಿಸಿದ ತನಿಖೆಯಲ್ಲಿ ಉಪಾಯ ಸರಳವಾಗಿತ್ತು: ಒಬ್ಬರು ಒಂದು ಸಂಖ್ಯೆಯನ್ನು, ಇನ್ನೊಬ್ಬರು ಮತ್ತೊಂದನ್ನು ಅದರ ಕಿವಿಯಲ್ಲಿ ಹೇಳಿ ಕೂಡಿಸಲು ಬಿಡುವುದು. ಮೊತ್ತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕುದುರೆಗೂ ಗೊತ್ತಾಗಲಿಲ್ಲ. ಕೇಳಿದವರು ಗೊರಸು ನೋಡಲು ತುಸು ಬಾಗಿದಾಗ ಬಡಿತ ಶುರು, ಸರಿಯುತ್ತರ ಬಂದೊಡನೆ ಅವರ ತಲೆ ಕೂದಲೆಳೆಯಷ್ಟು ಮೇಲೆದ್ದಾಗ ನಿಲುಗಡೆ. ಗುಟ್ಟು ಕಂಡುಹಿಡಿದ ಫುಂಗ್ಸ್ಟ್ ಅವರಿಗೇ ಆ ಚಲನೆಯನ್ನು ತಡೆಯುವುದು ಕಷ್ಟವಾಯಿತು. ಫಲಿತಾಂಶ ಏನಾಗಬೇಕೆಂದು ಬಲ್ಲವರ ಮೈಯೇ ಅದನ್ನು ಎದುರಿನವರಿಗೆ ದಾಟಿಸುತ್ತದೆ. ಸಂದರ್ಶನ ಮಂಡಳಿಗಳಲ್ಲಿ ಇದು ಹೇಗೆಲ್ಲ ಕೆಲಸ ಮಾಡುತ್ತಿರಬಹುದು ಎಂಬುದನ್ನು ಓದುಗರ ಊಹೆಗೇ ಬಿಡುತ್ತೇವೆ.

ಅನುಮತಿಯ ಮಾತನ್ನು ಬಿಡುವಂತಿಲ್ಲ. ಮೊದಲೇ ‘ತಲೆದೂಗುವುದನ್ನು ಪರೀಕ್ಷಿಸುತ್ತೇವೆ’ ಎಂದರೆ ಎಲ್ಲ ಕೆಟ್ಟಿತು. ‘ಮಾತುಕತೆ ಹೇಗೆ ಸಾಗುತ್ತದೆ ಎಂದು ನೋಡುತ್ತಿದ್ದೇವೆ, ರೆಕಾರ್ಡ್ ಮಾಡುತ್ತೇವೆ, ವಿವರ ಕೊನೆಗೆ ಹೇಳುತ್ತೇವೆ’ ಎಂದು ಒಪ್ಪಿಗೆ ಪಡೆಯಿರಿ. ಮುಗಿದ ಮೇಲೆ ಎಲ್ಲ ಹೇಳಿ, ಅಳಿಸಿ ಎಂದರೆ ಅವರೆದುರಿಗೇ ಅಳಿಸಿ. ಅಪರಿಚಿತರನ್ನು ದಿಟ್ಟಿಸಿ ನೋಡುವುದು, ತೀರಾ ಹತ್ತಿರ ಹೋಗಿ ನಿಲ್ಲುವುದು, ಇಂಥವನ್ನು ‘ಪ್ರಯೋಗ’ ಎಂದು ಜಾಲತಾಣಗಳಲ್ಲಿ ಹಾಕುವವರಿದ್ದಾರೆ, ಅದು ಕಿರುಕುಳ. ನಿಮ್ಮ ಕೈಕೆಳಗೆ ಕೆಲಸ ಮಾಡುವವರ ಮೇಲೂ ಬೇಡ, ಅವರಿಗೆ ಒಲ್ಲೆ ಎನ್ನುವ ಧೈರ್ಯ ಬರುವುದಿಲ್ಲ.

ಸಂಪಾದಕರಲ್ಲಿ ನಮ್ಮ ಕೋರಿಕೆ ಚಿಕ್ಕದು. ದೇಹಭಾಷೆಯ ಅಂಕಣಕ್ಕೆ ಬರಹ ಬಂದಾಗ ಬರೆದವರನ್ನು ಎರಡು ಪ್ರಶ್ನೆ ಕೇಳಿ: ಈ ಚಿಹ್ನೆ ಕಂಡೂ ನೀವು ಹೇಳುವ ಅರ್ಥ ಇಲ್ಲದ ಸಂದರ್ಭಗಳೆಷ್ಟು? ಎಣಿಸಿದವರಿಗೆ ಉತ್ತರ ಮೊದಲೇ ಗೊತ್ತಿತ್ತೇ? ಉತ್ತರವಿದ್ದರೆ ಅದನ್ನೂ ಬರಹದ ಜೊತೆಗೇ ಅಚ್ಚು ಹಾಕಿ.

ಇಂತಿ,
ವರ್ತನಾ ಅವಲೋಕನ ಕಲಿಸುವ ಕೆಲವು ಅಧ್ಯಾಪಕರು