ನಕ್ಷೆಗೆ ಹಳದಿ ಬಳಿಯುವ ಮುಂಚೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಪುರಸಭೆ ಸದಸ್ಯೆಯಾಗಿದ್ದಕ್ಕೆ ನಮಗೆಲ್ಲ ಹೆಮ್ಮೆ. ಮುಂದಿನ ಸಭೆಯ ಅಜೆಂಡಾದಲ್ಲಿ ಎರಡು ದೊಡ್ಡ ವಿಷಯ ಬಂದಿವೆ ಅಂತ ನಿಮ್ಮಪ್ಪ ಹೇಳಿದ. ಒಂದು, ಬೈಪಾಸ್ ಪಕ್ಕದ ಜಮೀನುಗಳನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸುವ ಬಗ್ಗೆ ಪುರಸಭೆಯ ಅಭಿಪ್ರಾಯ. ಇನ್ನೊಂದು, ಬರುವ ವರ್ಷದ ಬಜೆಟ್. ಎರಡಕ್ಕೂ ಸಂಬಂಧ ಇಲ್ಲ ಅಂತ ಹೊಸ ಸದಸ್ಯರು ಅಂದುಕೊಳ್ಳುತ್ತಾರೆ. ಆದರೆ ಎರಡೂ ಒಂದೇ ವಿಷಯ. ಇವತ್ತು ನಕ್ಷೆಯಲ್ಲಿ ಬಣ್ಣ ಬದಲಾದರೆ ಅದರ ಖರ್ಚು ಮುಂದಿನ ಇಪ್ಪತ್ತು ವರ್ಷ ಬಜೆಟ್ ಪುಸ್ತಕಕ್ಕೆ ಬರುತ್ತಲೇ ಇರುತ್ತದೆ. ಪುರಸಭೆಗಳ ಲೆಕ್ಕ ಶಾಖೆಯಲ್ಲಿ ಕೂತು ನೋಡಿದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಈ ಕಾಗದ ಬರೆಯುತ್ತಿರುವುದೂ ಇದೊಂದು ಮಾತಿಗೇ.

ಮೊದಲು ಭೂಮಿಯ ವಿಷಯ. ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ನಕ್ಷೆಯನ್ನು ನೋಡಿರುತ್ತೀಯ. ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಕಟ್ಟಡ, ಹಸಿರು ಪಾರ್ಕು. ಇದೆಲ್ಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಆಗಿದ್ದು. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಎಷ್ಟೋ ಊರುಗಳಲ್ಲಿ ಅದು ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಆಗ ಎಲ್ಲರೂ ಹಿಡಿಯುವ ದಾರಿ 14ಎ ಕಲಂ. ಒಂದೊಂದು ಸರ್ವೆ ನಂಬರಿಗೆ ಬಿಡಿಬಿಡಿಯಾಗಿ ಭೂ ಉಪಯೋಗ ಬದಲಾವಣೆ. ಒಂದು ಸಲಕ್ಕೆ ಎರಡೆಕರೆ, ಇನ್ನೊಂದು ಸಲಕ್ಕೆ ನಾಲ್ಕೆಕರೆ. ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಐದು ವರ್ಷ ಕಳೆದು ನೋಡಿದರೆ ನಕ್ಷೆ ಮಾಡಿದವರು ಬೇಡ ಅಂದ ಕಡೆಯೇ ಊರು ಬೆಳೆದಿರುತ್ತದೆ.

ಇದರಲ್ಲಿ ಮೂರು ಬಾಗಿಲು ಇವೆ, ಸರಿಯಾಗಿ ತಿಳಿದುಕೋ. ಕೃಷಿ ಜಮೀನಿನ ಅಲಿನೇಷನ್, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ನಡೆಯುವುದು ಕಂದಾಯ ಇಲಾಖೆಯಲ್ಲಿ, ಡಿಸಿ ಕಚೇರಿ ಮಟ್ಟದಲ್ಲಿ. ನಕ್ಷೆಯ ವಲಯ ಬದಲಾವಣೆ ಯೋಜನಾ ಪ್ರಾಧಿಕಾರದಲ್ಲಿ. ಕೊನೆಗೆ ರಸ್ತೆ, ಚರಂಡಿ, ದೀಪ, ಪಾರ್ಕು ಸಮೇತ ಬಡಾವಣೆಯನ್ನು ವಶಕ್ಕೆ ತೆಗೆದುಕೊಳ್ಳುವುದು ಪುರಸಭೆ. ಮೊದಲ ಎರಡು ಬಾಗಿಲಲ್ಲಿ ತೀರ್ಮಾನ ಆಗುತ್ತದೆ, ಮೂರನೆಯದರಲ್ಲಿ ಖರ್ಚು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ 12ನೇ ಅನುಸೂಚಿಯಲ್ಲಿ 18 ವಿಷಯ ಕೊಟ್ಟರು. ಮೊದಲನೆಯದೇ ನಗರ ಯೋಜನೆ, ಎರಡನೆಯದು ಭೂ ಬಳಕೆಯ ನಿಯಂತ್ರಣ. ನಮ್ಮಂಥ ಊರುಗಳ ಕೈಗೆ ಆ ಎರಡೂ ಪೂರ್ತಿ ಬರಲೇ ಇಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಅದಕ್ಕೇ ಪುರಸಭೆಯ ಅಭಿಪ್ರಾಯ ಕೇಳಿ ಕಾಗದ ಬಂದಾಗ ಅದನ್ನು ಹಗುರವಾಗಿ ತಗೋಬೇಡ. ಉಳಿದಿರುವ ಸ್ವಲ್ಪ ಮಾತೂ ಅದೇ.

14ಎ ಪ್ರಕಾರ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕಡಿಮೆ ಅಂದರೂ 15 ದಿನ ಕೊಡಬೇಕು. ಆ ಪ್ರಕಟಣೆ ಹೇಗಿರುತ್ತದೆ ಅಂತ ಒಮ್ಮೆ ನೋಡು. ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ಮಧ್ಯೆ ಬೆರಳಗಲದ ಪೆಟ್ಟಿಗೆ. ಇಂಥ ಹೋಬಳಿ, ಇಂಥ ಗ್ರಾಮ, ಸರ್ವೆ ನಂಬರ್, ಎಕರೆ, ಗುಂಟೆ, 'ಕೃಷಿ ವಲಯದಿಂದ ವಸತಿ ವಲಯಕ್ಕೆ'. ಇಷ್ಟೇ. ಅದು ಕೆರೆ ಮೇಲಿನ ಜಮೀನಾ, ರಾಜಕಾಲುವೆ ಪಕ್ಕದ್ದಾ ಅಂತ ಓದಿದವರಿಗೆ ಗೊತ್ತಾಗುವುದಿಲ್ಲ. ನಿನ್ನ ವಾರ್ಡಿನ ಜನಕ್ಕೆ ಸರ್ವೆ ನಂಬರ್ ಹೇಳಬೇಡ, ಜಾಗದ ಹೆಸರು ಹೇಳು. 'ಮಾವಿನತೋಪಿನ ಹಿಂದಿನ ಹೊಲ' ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ, ಅಲ್ವಾ?

ನಾನು ಕೆಲಸ ಮಾಡಿದ ಒಂದು ಊರಲ್ಲಿ ಕೆರೆಗೆ ನೀರು ಬರುವ ಹಳ್ಳದ ಪಕ್ಕ ಒಂದು ಲೇಔಟ್ ಎದ್ದಿತು. ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಹಳ್ಳವನ್ನು ಒಂದು ಕಿರಿದಾದ ಕಾಂಕ್ರೀಟ್ ಚರಂಡಿ ಮಾಡಿ ಮೇಲೆ ಚಪ್ಪಡಿ ಹಾಕಿದರು. ಮುಂದಿನ ದೊಡ್ಡ ಮಳೆಗೆ ನೀರು ಕೆರೆಗೆ ಹೋಗಲಿಲ್ಲ, ಕೆಳಗಿನ ಬೀದಿಗೆ ನುಗ್ಗಿತು. ಆ ಬೀದಿಯಲ್ಲಿದ್ದವರು ಗಾರೆ ಕೆಲಸದವರು, ಬೀಡಿ ಕಟ್ಟುವ ಹೆಂಗಸರು. ಲೇಔಟ್ ಜೊತೆ ಅವರಿಗೆ ಯಾವ ಸಂಬಂಧವೂ ಇರಲಿಲ್ಲ. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕೆಸರಿನ ಗೆರೆ ನಿಂತಿತ್ತು. ನೆನೆದ ಅಕ್ಕಿ ಮೂಟೆಯನ್ನು ರಸ್ತೆಗೆ ತಂದು ಹರಡಿದ್ದರು. ಆಮೇಲೆ ಪಂಪು ತಂದಿದ್ದು, ಚರಂಡಿ ಅಗಲ ಮಾಡಿದ್ದು, ತಡೆಗೋಡೆ ಕಟ್ಟಿದ್ದು ಎಲ್ಲ ಪುರಸಭೆ ಹಣದಲ್ಲಿ. ಬೇರೆ ವಾರ್ಡಿನ ರಸ್ತೆ ಕಾಮಗಾರಿ ನಿಲ್ಲಿಸಿ ಅದಕ್ಕೆ ದುಡ್ಡು ಹೊಂದಿಸಿದರು. ಸೈಟು ಮಾರಿದವರು ಅಷ್ಟೊತ್ತಿಗೆ ಊರಲ್ಲೇ ಇರಲಿಲ್ಲ.

ಹಾಗಂತ ಎಲ್ಲ ಬದಲಾವಣೆಗೂ ಬೇಡ ಅನ್ನು ಅಂತ ನಾನು ಹೇಳುತ್ತಿಲ್ಲ. ಊರು ಬೆಳೆಯಬೇಕು, ಮದುವೆಯಾದ ಹುಡುಗರಿಗೆ ಮನೆ ಬೇಕು. ನಕ್ಷೆಯಲ್ಲಿ ಜಾಗ ಸಾಲದೆ ಹೋದರೆ ಜನ ರೆವಿನ್ಯೂ ಸೈಟು, ಅಂದರೆ ಬಡಾವಣೆ ಅನುಮೋದನೆ ಇಲ್ಲದ ಸೈಟು ಕೊಳ್ಳುತ್ತಾರೆ. ಆಮೇಲೆ ಪುರಸಭೆಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಖಾತಾ ಆಗದೆ, ಬ್ಯಾಂಕ್ ಸಾಲ ಸಿಗದೆ ಪುರಸಭೆಗೆ ಅಲೆಯುತ್ತಾರೆ. ಅನಧಿಕೃತ ಆಸ್ತಿಗೆ ಕೊಡುವ ಬಿ-ಖಾತಾ ಮಾಡಿಸಲು ನಿಂತವರ ಸಾಲನ್ನು ನೀನೂ ನೋಡಿದ್ದೀಯ. ಸರಿಯಾದ ಕಡೆ ಜಾಗ ಕೊಡದಿದ್ದರೆ ತಪ್ಪಾದ ಕಡೆ ಮನೆ ಏಳುತ್ತವೆ. ಅದಕ್ಕೆ ನೀನು ಕೇಳಬೇಕಾದ ಪ್ರಶ್ನೆ ಬೇರೆ. ನೀರು ಎಲ್ಲಿಂದ? ಕೊಚ್ಚೆ ಎಲ್ಲಿಗೆ? ಕಸ ಎತ್ತುವವರು ಯಾರು? ದುಡ್ಡು ಯಾವ ಲೆಕ್ಕ ಶೀರ್ಷಿಕೆಯಿಂದ?

ಸುಮ್ನೆ ಒಂದು ಲೆಕ್ಕ ಹಾಕಿ ನೋಡು. ಹೊಸ ಬಡಾವಣೆಯಲ್ಲಿ ನೂರು ಮನೆ ಆಗುತ್ತವೆ ಅಂತ ಇಟ್ಟುಕೋ, ಮನೆಗೆ ಐದು ಜನ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಕೇಂದ್ರ ಸರ್ಕಾರದ ಮಾನದಂಡ. ಅಲ್ಲಿಗೆ ದಿನಕ್ಕೆ 67,500 ಲೀಟರ್. ಈಗಿರುವ ಓವರ್‌ಹೆಡ್ ಟ್ಯಾಂಕಿನಿಂದ ಅಷ್ಟು ನೀರು ಆ ಕಡೆ ತಿರುಗಿದರೆ ಯಾವ ವಾರ್ಡಿಗೆ ವಾರಕ್ಕೊಂದು ಸರದಿ ಕಡಿಮೆ ಆಗುತ್ತದೆ? ಇಂಜಿನಿಯರ್ ಹತ್ತಿರ ಇದನ್ನು ಬರವಣಿಗೆಯಲ್ಲಿ ಕೇಳು. ನಮ್ಮ ರಾಜ್ಯದಲ್ಲಿ 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅನ್ನೋ ಮಾನದಂಡ ಇದೆ. ಹೊಸ ಹುದ್ದೆ ಬರದೆ ಬಡಾವಣೆ ಮಾತ್ರ ಬಂದರೆ ಈಗಿರುವವರ ಬೆನ್ನ ಮೇಲೆಯೇ ಆ ಹೊರೆ.

ಬಡಾವಣೆ ಬಂದರೆ ತೆರಿಗೆ ಬರುತ್ತದಲ್ಲ ಅಂತ ಸಭೆಯಲ್ಲಿ ಹೇಳುತ್ತಾರೆ. ಬರುತ್ತದೆ, ಆದರೆ ಮನೆ ಎದ್ದ ಮೇಲೆ. ಅರ್ಧ ಸೈಟು ಹೂಡಿಕೆಗೆ ಅಂತ ಕೊಂಡು ಖಾಲಿ ಬಿಟ್ಟಿರುತ್ತಾರೆ. ಖಾಲಿ ನಿವೇಶನದ ತೆರಿಗೆ ಕಡಿಮೆ. ಬೀದಿ ದೀಪ ಮಾತ್ರ ಖಾಲಿ ಸೈಟಿನ ಮುಂದೆಯೂ ರಾತ್ರಿಯೆಲ್ಲ ಉರಿಯಬೇಕು.

ಈಗ ಬಜೆಟ್. ಪತ್ರಿಕೆಯಲ್ಲಿ 'ಉಳಿತಾಯ ಬಜೆಟ್ ಮಂಡನೆ' ಅಂತ ದಪ್ಪಕ್ಷರದಲ್ಲಿ ಬರುತ್ತದೆ. ಅದನ್ನು ನಂಬಿ ಖುಷಿಪಡಬೇಡ. ಆ ಉಳಿತಾಯದಲ್ಲಿ ಖರ್ಚಾಗದೆ ಉಳಿದ ಅನುದಾನವೂ ಸೇರಿರುತ್ತದೆ. ಅದನ್ನು ಬೇರೆ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಉದಾಹರಣೆಗೆ ಕೇಂದ್ರದ 15ನೇ ಹಣಕಾಸು ಆಯೋಗದ ಹಣ. ನಮ್ಮಂಥ ಸಣ್ಣ ಊರುಗಳಿಗೆ ಅದರಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು ಅಂತ ಮಾಡಿದ್ದರು, 40 ಭಾಗ ಮಾತ್ರ ಸ್ಥಳೀಯ ಅಗತ್ಯಕ್ಕೆ. ಹೀಗೆ ಯಾವ ಹಣ ಯಾವುದಕ್ಕೆ ಕಟ್ಟಿಹಾಕಿದ್ದು ಅಂತ ಮೊದಲು ಬೇರೆ ಮಾಡು. ಪುರಸಭೆಯ ಸ್ವಂತ ಸಂಪನ್ಮೂಲ ಅಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಸಂತೆ ಸುಂಕ, ಕಟ್ಟಡ ಪರವಾನಗಿ. ನೀವು ಸದಸ್ಯರು ನಿಜವಾಗಿ ತೀರ್ಮಾನ ಮಾಡಬಹುದಾದ ದುಡ್ಡು ಅದೇ.

ಬಜೆಟ್ ಪುಸ್ತಕವನ್ನು ಎಲ್ಲರೂ ಬಲಗಡೆಯ ಕಾಲಂನಿಂದ ಓದುತ್ತಾರೆ, ಬರುವ ವರ್ಷದ ಅಂದಾಜು. ನೀನು ಎಡಗಡೆಯಿಂದ ಓದು. ಹಿಂದಿನ ವರ್ಷ ನಿಜಕ್ಕೂ ಬಂದಿದ್ದೆಷ್ಟು ಅಂತ ಅಲ್ಲಿರುತ್ತದೆ. ಮಳಿಗೆ ಬಾಡಿಗೆ ಸಾಲನ್ನು ತೆಗೆದುಕೋ. ಅಂದಾಜಿನಲ್ಲಿ ದೊಡ್ಡ ಮೊತ್ತ ಬರೆದಿದ್ದು ಕಳೆದ ವರ್ಷದ ವಸೂಲಿ ಅದರ ಅರ್ಧವೂ ಇಲ್ಲದಿದ್ದರೆ ಆ ಅಂದಾಜು ಸುಳ್ಳು. ಡಿಸಿಬಿ ತರಿಸಿ ನೋಡು, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಬಾಕಿದಾರರಲ್ಲಿ ದೊಡ್ಡ ಮೊತ್ತದವರು ಯಾರು ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಅಂತ ಸಾಲಿನಲ್ಲಿ ನಿಂತು ತೆರಿಗೆ ಕಟ್ಟುವವರು ಸಣ್ಣ ಮನೆಯವರು. ಅವರ ಪರವಾಗಿ ಈ ಪ್ರಶ್ನೆ ಕೇಳುವುದು ನಿನ್ನ ಕೆಲಸ.

ಇನ್ನೂ ಒಂದು ಸಾಲು ಬಿಡದೆ ನೋಡು. ಪರಿಶಿಷ್ಟ ಜಾತಿ, ಪಂಗಡದವರಿಗೆ 24.10 ಪರ್ಸೆಂಟ್, ಇತರ ಬಡವರಿಗೆ 7.25, ಅಂಗವಿಕಲರಿಗೆ 5 ಅಂತ ಹಣ ಎತ್ತಿಡಬೇಕು. ಎತ್ತಿಡುತ್ತಾರೆ ಕೂಡ. ಮಾರ್ಚ್ ಬಂದರೂ ಖರ್ಚಾಗಿರುವುದಿಲ್ಲ. ಕಾಲೋನಿಯಲ್ಲಿ ಒಬ್ಬ ಹುಡುಗ ಮೂರು ಚಕ್ರದ ಗಾಡಿಗೆ ಅರ್ಜಿ ಕೊಟ್ಟು ಕಾಯುತ್ತಿರುತ್ತಾನೆ, ಇತ್ತ ಹಣ ಬ್ಯಾಂಕಿನಲ್ಲಿ ಕೊಳೆಯುತ್ತಿರುತ್ತದೆ. ಇದನ್ನು ನೋಡಿ ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ. ಅಕ್ಟೋಬರ್‌ನಲ್ಲೇ ಕೇಳು, ಮಾರ್ಚ್ ತನಕ ಬಿಡಬೇಡ.

ಬಜೆಟ್ ಪೂರ್ವಭಾವಿ ಸಭೆ ಅಂತ ನಡೆಯುತ್ತದೆ. ಜನರ ಸಲಹೆ ಕೇಳಬೇಕು ಅಂತ 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳಲ್ಲೇ ಇದೆ. ಬಹಳ ಕಡೆ ನಾಲ್ಕು ಸಂಘದವರು, ಇಬ್ಬರು ಪತ್ರಕರ್ತರು ಬಂದು ಕಾಫಿ ಕುಡಿದು ಹೋಗುತ್ತಾರೆ. ನಿನ್ನ ವಾರ್ಡಿನಿಂದ ನೀರಿಗೆ ಬಿಂದಿಗೆ ಹಿಡಿದು ನಿಲ್ಲುವ ಹೆಂಗಸರನ್ನು ಕರೆದುಕೊಂಡು ಹೋಗು. ಅವರು ಲೆಕ್ಕ ಓದದೆ ಇರಬಹುದು, ಯಾವ ಪೈಪು ಎಲ್ಲಿ ಸೋರುತ್ತದೆ ಅಂತ ಅವರಿಗೆ ಗೊತ್ತು.

ಇನ್ನು ಮನೆಯ ವಿಷಯ. ಬೈಪಾಸ್ ಪಕ್ಕ ನಮ್ಮ ಕುಟುಂಬದ ಜಮೀನೂ ಇದೆ, ನಿಮ್ಮಪ್ಪನ ಪಾಲೂ ಅದರಲ್ಲೇ. ಹಳದಿ ಆದರೆ ಗುಂಟೆ ಬೆಲೆ ಏರುತ್ತದೆ, ನಮಗೂ ಲಾಭ. ಇದನ್ನು ನಿನಗೆ ಯಾರೂ ಬಾಯಿಬಿಟ್ಟು ಹೇಳಲ್ಲ, ಹಿರಿಯನಾಗಿ ನಾನು ಹೇಳಬೇಕು. ಆ ವಿಷಯ ಚರ್ಚೆಗೆ ಬಂದಾಗ ಎದ್ದು ನಿಂತು, 'ಇದರಲ್ಲಿ ನಮ್ಮ ಮನೆಯವರ ಜಮೀನಿದೆ, ನಾನು ಮತ ಹಾಕುವುದಿಲ್ಲ' ಅಂತ ಹೇಳು. ಅದನ್ನು ನಡಾವಳಿಯಲ್ಲಿ ಬರೆಸು. ಮನೆಯಲ್ಲಿ ಬೇಜಾರಾಗಬಹುದು. ನಿಮ್ಮಪ್ಪನ ಹತ್ತಿರ ನಾನೇ ಮಾತಾಡುತ್ತೇನೆ, ಅದನ್ನು ನನಗೆ ಬಿಡು. ನಾಳೆ ಇನ್ಯಾರದೋ ಜಮೀನಿನ ಬಗ್ಗೆ ನೀನು ಪ್ರಶ್ನೆ ಕೇಳಬೇಕಲ್ಲ, ಆಗ ನಿನ್ನ ಮಾತಿಗೆ ಬೆಲೆ ಇರಬೇಕಾದರೆ ಇವತ್ತು ಇದನ್ನು ಮಾಡಲೇಬೇಕು.

ನಡಾವಳಿ ಅಂದೆನಲ್ಲ, ಅದರ ಬಗ್ಗೆಯೂ ಎಚ್ಚರ. ಅಜೆಂಡಾದ ಕೊನೆಯಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅಂತ ಇರುತ್ತದೆ. ಊಟದ ಹೊತ್ತಿಗೆ, ಎಲ್ಲರೂ ಏಳುವಾಗ, ಅದರಡಿಯಲ್ಲಿ ಏನೇನೋ ಪಾಸಾಗುತ್ತದೆ. ಕೊನೆತನಕ ಕೂತಿರು. ಒಪ್ಪಿಗೆ ಇಲ್ಲದ ವಿಷಯಕ್ಕೆ ಸುಮ್ಮನಿದ್ದರೆ 'ಸರ್ವಾನುಮತದಿಂದ' ಅಂತ ಬರೆದುಬಿಡುತ್ತಾರೆ. ಭಿನ್ನಾಭಿಪ್ರಾಯ ದಾಖಲಿಸಿ ಅಂತ ಕೇಳು, ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದುವಾಗ ಅದು ಬಂದಿದೆಯಾ ನೋಡು. ಖಾಲಿ ಪುಟಕ್ಕೆ ಯಾವತ್ತೂ ಸಹಿ ಬೇಡ. ಸಭೆಗೆ ನೀನೇ ಹೋಗು, ನಿನ್ನ ಪರವಾಗಿ ಗಂಡನೋ ಅಣ್ಣನೋ ಮಾತಾಡುವುದು ಬೇಡ. ಜನ ಆರಿಸಿದ್ದು ನಿನ್ನನ್ನು.

ಒಬ್ಬಳೇ ಕೇಳಿ ಏನಾಗುತ್ತದೆ ಅಂತ ಅನ್ನಿಸಿದರೆ ಬೆಂಗಳೂರಿನ ಒಂದು ಕೇಸು ಓದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಪರವಾಗಿಯೇ ನಿಂತಿತು. ಪಾರ್ಕಿನ ಜಾಗ ಹೋದರೆ ಸುತ್ತಲಿನ ನಿವಾಸಿಗಳಿಗೆ ಕೇಳುವ ಹಕ್ಕಿದೆ ಅಂತ ಒಪ್ಪಿತು. ಪಾರ್ಕು, ಆಟದ ಮೈದಾನ ಉಳಿಸಲು 1985ರ ಪ್ರತ್ಯೇಕ ಕಾಯ್ದೆಯೂ ನಮ್ಮ ರಾಜ್ಯದಲ್ಲಿದೆ. ನಮ್ಮೂರ ಸಂತೆ ಮೈದಾನದ ಪಕ್ಕದ ಪಾರ್ಕಿನ ಜಾಗದಲ್ಲಿ ಸಮುದಾಯ ಭವನ ಕಟ್ಟೋಣ ಅಂತ ಯಾರಾದರೂ ತಂದರೆ ಈ ಎರಡನ್ನೂ ನೆನಪಿಸು.

ಬೈಪಾಸ್ ಜಮೀನಿನ ಪ್ರಕಟಣೆ ಬಂದು ಇನ್ನೂ 15 ದಿನ ಆಗಿಲ್ಲ. ನೀನು ಮತ ಹಾಕದೆ ಇದ್ದರೂ, ಅಲ್ಲಿನ ಹಳ್ಳದ ಕೆಳಗಿನ ಬೀದಿಯವರು ಆಕ್ಷೇಪಣೆ ಕೊಡಬಹುದು. ಜಮೀನೇ ಬೇಡ ಅಂತ ಬರೆಯಬೇಕಿಲ್ಲ. ಹಳ್ಳದ ಅಗಲ ಈಗ ಇದ್ದಷ್ಟೇ ಉಳಿಯಬೇಕು, ನೀರಿನ ಮೂಲ ತೋರಿಸಬೇಕು, ಚರಂಡಿ ಕೆಲಸ ಮುಗಿಯದೆ ಸೈಟು ಬಿಡುಗಡೆ ಆಗಬಾರದು, ಇಷ್ಟು ಬರೆದರೆ ಸಾಕು. ಅರ್ಜಿ ಎರಡು ಪ್ರತಿ ಮಾಡಿಸಲಿ, ಒಂದರ ಮೇಲೆ ಯೋಜನಾ ಪ್ರಾಧಿಕಾರದ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲಿ. ಹಳೆಯ ಕಂದಾಯ ನಕ್ಷೆಯಲ್ಲಿ ಹಳ್ಳ ಎಲ್ಲಿ ಹರಿಯುತ್ತದೆ ಅಂತ ಬೇಕಿದ್ದರೆ ಗ್ರಾಮನಕ್ಷೆ ಪ್ರತಿಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಲಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿ. ಆದರೆ ಅದಕ್ಕೆ ಉತ್ತರ ಬರಲು 30 ದಿನ ಹಿಡಿಯಬಹುದು, ಆದ್ದರಿಂದ ಆಕ್ಷೇಪಣೆ ಮೊದಲು ಹೋಗಲಿ, ನಕ್ಷೆ ಆಮೇಲೆ ಸೇರಿಸಬಹುದು. ಬಜೆಟ್ ಪುಸ್ತಕ ಕೈಗೆ ಬಂದ ತಕ್ಷಣ ಒಂದು ಪ್ರತಿ ನನಗೆ ಕಳಿಸು. ಡಿಸಿಬಿ ಜೊತೆಗಿಟ್ಟು ಓದಿ ಯಾವ ಸಾಲಿನ ಬಗ್ಗೆ ಕೇಳಬೇಕು ಅಂತ ಗುರುತು ಹಾಕಿ ಸಭೆಗೆ ಮುಂಚೆಯೇ ವಾಪಸ್ ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ