ಮಳೆಗೆ ಮುನ್ನ ಕೋಆಕ್ಸ್ ಕೇಬಲ್ ಪರೀಕ್ಷಿಸಿ

ಹ್ಯಾಮ್ (ಹವ್ಯಾಸಿ) ರೇಡಿಯೊ ಸದಸ್ಯರ ಗಮನಕ್ಕೆ,

ರಿಪೀಟರ್ (ನಮ್ಮ ಸಂಕೇತವನ್ನು ಮರುಪ್ರಸಾರ ಮಾಡುವ ಕೇಂದ್ರ) ಸರಿಯಾಗಿ ಸಿಗುತ್ತಿಲ್ಲವೆಂದು ಹೊಸ ಆಂಟೆನಾ ಕೊಳ್ಳಲು ಹೊರಟವರು ದಯವಿಟ್ಟು ಮೊದಲು ರೇಡಿಯೊದಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ ನೋಡಿ. 145 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್ ಸುಮಾರು 6 ಡೆಸಿಬೆಲ್ ನುಂಗುತ್ತದೆ. ಅಂದರೆ ರೇಡಿಯೊದಿಂದ 50 ವಾಟ್ ಹೊರಟರೆ ಆಂಟೆನಾ ತಲುಪುವುದು 12-13 ವಾಟ್. ಒಳಬರುವ ಸಂಕೇತಕ್ಕೂ ಇದೇ ಗತಿ. ಅಷ್ಟೇ ಉದ್ದದ, ದಪ್ಪನೆಯ ಆರ್‌ಜಿ-213ರಲ್ಲಿ ನಷ್ಟ 3 ಡೆಸಿಬೆಲ್‌ಗಿಂತ ಕಡಿಮೆ. 7 ಮೆಗಾಹರ್ಟ್ಸ್‌ನಲ್ಲಷ್ಟೇ ಮಾತನಾಡುವವರು ಹಣ ಉಳಿಸಿಕೊಳ್ಳಿ. ಅಲ್ಲಿ ನಷ್ಟ ಕಡಿಮೆಯಿರುವುದರಿಂದ ಆರ್‌ಜಿ-58 ಕೂಡ ಸಾಕು.

‘ನನ್ನ ಎಸ್‌ಡಬ್ಲ್ಯುಆರ್ ಚೆನ್ನಾಗಿದೆ’ ಎಂದು ನೆಮ್ಮದಿಯಾಗಿರಬೇಡಿ. ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂಬುದನ್ನು ಸೂಚಿಸುವ ಅಳತೆ ಅದು. ಆಂಟೆನಾದಿಂದ ಹಿಂದಿರುಗುವ ಶಕ್ತಿಯೂ ಕೆಟ್ಟ ಕೇಬಲ್‌ನಲ್ಲಿ ದಾರಿಯಲ್ಲೇ ಕರಗುವುದರಿಂದ, ಕೋಣೆಯಲ್ಲಿರುವ ಮೀಟರ್ ನಿಮ್ಮನ್ನು ಸುಮ್ಮನೆ ಹೊಗಳುತ್ತದೆ. ತಾರಸಿಯಲ್ಲಿರುವ ಕೇಬಲ್ ತುದಿಗೆ ಆಂಟೆನಾ ಬದಲು ಡಮ್ಮಿ ಲೋಡ್ (ಶಕ್ತಿಯನ್ನು ಹೀರಿಕೊಳ್ಳುವ ರೆಸಿಸ್ಟರ್) ಜೋಡಿಸಿ, ಕೇಬಲ್‌ನ ಎರಡೂ ತುದಿಗಳಲ್ಲಿ ವಾಟ್ ಅಳೆಯಿರಿ. ನ್ಯಾನೊವಿಎನ್‌ಎ (ಕೇಬಲ್, ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದವರಿಗೆ ಇನ್ನೂ ಸುಲಭ: ಆಂಟೆನಾ ಬಿಚ್ಚಿ, ಆ ತುದಿಯನ್ನು ತೆರೆದೇ ಬಿಟ್ಟು, ಕೆಳಗಿನಿಂದ ರಿಟರ್ನ್ ಲಾಸ್ (ಹಿಂದಿರುಗಿದ ಸಂಕೇತ ಎಷ್ಟು ಡೆಸಿಬೆಲ್ ಕುಗ್ಗಿದೆ ಎಂಬುದು) ನೋಡಿ. ಸಂಕೇತ ಹೋಗಿ ಬರುವುದರಿಂದ, ಅದರ ಅರ್ಧವೇ ಕೇಬಲ್‌ನ ನಷ್ಟ.

ಪಿಎಲ್-259 ಎಂಬ ಕೇಬಲ್ ತುದಿಯ ಕನೆಕ್ಟರ್ ತಾನಾಗಿ ನೀರು ತಡೆಯುವುದಿಲ್ಲ. ಒಳಗಿಳಿದ ನೀರು ಕೇಬಲ್ ಒಳಗಿನ ತಾಮ್ರದ ತಂತಿಯ ಹೆಣಿಗೆಯುದ್ದಕ್ಕೂ ಹರಿದು, ಅದನ್ನು ಕಪ್ಪಾಗಿಸುತ್ತದೆ. ಕಪ್ಪು ಕಂಡರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಸಿಗದಿದ್ದರೆ ಇಡೀ ಕೇಬಲ್ ಬದಲಿಸಿ. ಕನೆಕ್ಟರ್ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್ ಹಾಕಿ. ಬರೀ ಪಿವಿಸಿ ಟೇಪ್ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಕಿಟಕಿಯ ಬಳಿ ಕೇಬಲನ್ನು ಕೆಳಕ್ಕೆ ಬಾಗಿಸಿ ಒಳಗೆ ತನ್ನಿ, ನೀರು ಹೊರಗೇ ತೊಟ್ಟಿಕ್ಕಲಿ.

ವಾಟ್ ಮೀಟರ್, ಡಮ್ಮಿ ಲೋಡ್ ಎರಡೂ ನನ್ನಲ್ಲಿವೆ. ಬೇಕಾದವರು ಶನಿವಾರದೊಳಗೆ ಇಲ್ಲಿಯೇ ತಿಳಿಸಿ.